ಕಾವಲಿಯ ಹಿಡಿಸೂಡಿ

ನಮ್ಮ ಶಾಲೆಯ ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಹಳೆಯ ಹೋಟೆಲುಗಳ ಸಾಮಾನು ಇಟ್ಟಿದ್ದ ಕೋಣೆಯಲ್ಲಿ, ಗಾಜಿನ ಹಿಂದೆ, ತೆಂಗಿನ ಕಡ್ಡಿಯ ಒಂದು ಗಿಡ್ಡ ಹಿಡಿಸೂಡಿ ಇತ್ತು. ಕೆಳಗಿನ ಚೀಟಿಯಲ್ಲಿ 'ನೆಲ ಗುಡಿಸುವ ಪೊರಕೆ' ಎಂದು ಬರೆದಿತ್ತು.

ನನ್ನ ಅಪ್ಪ ಟಿ. ನಗರದ ಉಡುಪಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ದೋಸೆ ಹುಯ್ದವರು. ಕಾವಲಿಗೆ ನೀರು ಚಿಮುಕಿಸಿ, ಇಂಥದ್ದೇ ಹಿಡಿಸೂಡಿಯಿಂದ ಒರೆಸುತ್ತಿದ್ದರು. ಅದು ಅಕಸ್ಮಾತ್ ನೆಲಕ್ಕೆ ತಾಗಿದರೆ ಆಗಲೇ ಹೊಸದು ಕಟ್ಟುತ್ತಿದ್ದರು. ಅವರು ತೀರಿಹೋಗಿ ಮೂರು ತಿಂಗಳಾಗಿತ್ತು. ಆ ಚೀಟಿಯನ್ನು ಹಾಗೆಯೇ ಬಿಟ್ಟು ಬರಲು ನನ್ನಿಂದಾಗಲಿಲ್ಲ.

ಕೋಣೆ ನೋಡಿಕೊಳ್ಳುವ ಹಿರಿಯರಿಗೆ ಹೇಳಿದೆ. ಅವರು ನಕ್ಕು ತಮಿಳಿನಲ್ಲಿ, "ಪೊರಕೆ ಅಂದ್ರೆ ಪೊರಕೆ ತಾನೇ, ಟೀಚರ್?" ಎಂದರು.

"ತುದಿ ನೋಡಿ ಸಾರ್. ನೆಲ ಗುಡಿಸಿದ್ದು ಒಂದೇ ಕಡೆಗೆ ಸವೆಯುತ್ತೆ. ಇದು ಸಮವಾಗಿ ಸುಟ್ಟು ಕಪ್ಪಾಗಿದೆ, ಎಣ್ಣೆ ಹಿಡಿದಿದೆ."

ಅವರು ಕನ್ನಡಕ ಹಾಕಿಕೊಂಡು ಗಾಜಿಗೆ ಮೂಗು ತಾಗಿಸಿ ನೋಡಿದರು. "ಆಮಾ ಟೀಚರ್, ನಿಜ," ಎಂದು ಒಂದು ದಪ್ಪ ಪುಸ್ತಕ ತಂದಿಟ್ಟರು. "ಬರೆದುಕೊಡಿ, ಚೀಟಿ ತಿದ್ದಿಸ್ತೀನಿ. ನಿಮಗೆ ಹೇಗೆ ಗೊತ್ತು ಅಂತಲೂ ಬರೀರಿ. ಇಲ್ಲದಿದ್ರೆ ಮೇಲಿನವರು ನಂಬಲ್ಲ."

ಇಷ್ಟು ವರ್ಷ ಎಲ್ಲ ಫಾರಂಗಳಲ್ಲೂ 'ಶಿಕ್ಷಕಿ' ಎಂದೇ ಬರೆದವಳು ನಾನು. ಅಂದು 'ದೋಸೆ ಮಾಸ್ಟರರ ಮಗಳು' ಎಂದು ಬರೆದು, ಮಕ್ಕಳ ಎದುರೇ ಸಹಿ ಹಾಕಿದೆ.

ಹಿರಿಯರು ಅದನ್ನು ಓದಿ ಎದ್ದು ನಿಂತರು. "ಹಾಗಾದ್ರೆ ನಿಮ್ಮ ಕೈ ದೋಸೆ ಹೇಗಿರಬೇಡ!"

ನಾನು ಹುಯ್ದ ದೋಸೆ ಇವತ್ತಿಗೂ ಕಾವಲಿ ಬಿಟ್ಟು ಏಳುವುದಿಲ್ಲ. ಅದನ್ನು ಬರೆಯಲು ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.