ಅರ್ಥ ಹೇಳಿದವರ ಕೈ

ಆಂಜಿನಯ್ಯ ಕೊನೆಯವರೆಗೂ ಕ್ಷಮಿಸಲಿಲ್ಲ. ಒಳ್ಳೆಯವನು ಹೋದ ಎಂದಷ್ಟೇ ಬರೆದು ಮುಗಿಸಿದರೆ ಅವನಿಗೆ ಮೋಸ ಮಾಡಿದಂತೆ.

ಗವಿಪುರದ ಒಂದೇ ಬೀದಿಯಲ್ಲಿ ಬೆಳೆದ ಅವನೂ ಮುನಿರಾಮಪ್ಪನೂ ಚಾಮರಾಜಪೇಟೆಯ ಒಂದೇ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸೇರಿದ್ದರು. ಅಲ್ಲಿನ ದೊಡ್ಡ ಕೆಪಾಸಿಟರುಗಳು ಸ್ವಿಚ್ ಆರಿಸಿದ ಮೇಲೂ ಕರೆಂಟನ್ನು ಒಳಗೇ ಹಿಡಿದಿರುತ್ತವೆ. ನೆಲಕ್ಕೆ ತಂತಿ ಬಿಗಿದ ಕೋಲು ತಾಗಿಸಿ ಅದನ್ನು ಇಳಿಸದೆ ಯಾರೂ ಕೈ ಹಾಕಬಾರದೆಂಬ ನಿಯಮವಿತ್ತು.

೧೯೭೮ರ ಆಯುಧಪೂಜೆಯಂದು ಆ ಕೋಲೂ ಕುಂಕುಮ ಹಚ್ಚಿಸಿಕೊಂಡು ಪೂಜೆಗೆ ಕೂತಿತ್ತು. ಪೂಜೆಗಿಟ್ಟದ್ದನ್ನು ಅವತ್ತು ಯಾರೂ ಮುಟ್ಟುವುದಿಲ್ಲ.

ಒಂದು ಕೆಪಾಸಿಟರ್ ಟೆಸ್ಟ್ ಮಾಡು ಎಂದಾಗ, “ನಾಳೆ ಮಾಡ್ತೀನಿ ಸಾರ್,” ಎಂದ ಮುನಿರಾಮಪ್ಪ.

ಮ್ಯಾನೇಜರ್ ರಾಮಾನುಜ ಬೀರುವಿನ ಬೀಗ ತೆಗೆದು ನಿಯಮದ ಪುಸ್ತಕ ಬಿಡಿಸಿದ. “ಇದು ರಿಪೇರಿಗೆ ಹಾಕಿರೋ ರೂಲು ಕಣಯ್ಯ, ಟೆಸ್ಟಿಂಗ್‌ಗಲ್ಲ. ಮಾಲು ಇವತ್ತೇ ಹೋಗ್ಬೇಕು. ಸ್ವಿಚ್ ಆರ್ಸಿ ಕೈ ಹಾಕು.”

ಮುನಿರಾಮಪ್ಪ ಕೈ ಹಾಕಿದ. ಅಲ್ಲೇ ಸತ್ತ.

ವಿಚಾರಣೆಯಲ್ಲಿ ರಾಮಾನುಜ ಅದೇ ಪುಟ ತೆರೆದು, ಕೋಲು ಬಳಸದಿದ್ದದ್ದು ಕೆಲಸಗಾರನದೇ ತಪ್ಪು ಎಂದ. ವಿಧವೆ ಸಿದ್ದಮ್ಮನಿಗೆ ತಂತಿಯ ಕಾಯಿಲ್ ಸುತ್ತುವ ಕೆಲಸ ಕೊಟ್ಟು, ಉಪಕಾರ ಎಂದ.

ಆಂಜಿನಯ್ಯ ಆ ಪುಸ್ತಕದ ಒಂದು ಪ್ರತಿ ಕೊಂಡ. ಇಂಗ್ಲಿಷ್ ತೊಡರಿದಲ್ಲಿ ಶಂಕರಪುರದ ಚೂಡಾಮಣಿ ಟೀಚರ್ ಬಿಡಿಸಿ ಹೇಳುತ್ತಿದ್ದರು. ಐದು ವರ್ಷ, ಪ್ರತಿ ಭಾನುವಾರ.

“ಏನಯ್ಯ, ಪಾರಾಯಣಾನಾ?”

“ಹೂಂ ಮೇಡಂ. ಸಂಹಾರದ ಅಧ್ಯಾಯ ಇನ್ನೂ ಬಂದಿಲ್ಲ.”

೧೯೮೩ರಲ್ಲಿ ಕಾರ್ಖಾನೆ ತಪಾಸಣೆಗೆ ಹೊಸ ಇನ್‌ಸ್ಪೆಕ್ಟರ್ ಬಂದರು. ಯಾವ ನಿಯಮ ಎಲ್ಲಿಗೆ ಅನ್ವಯ ಎಂದು ರಾಮಾನುಜ ವಿವರಿಸತೊಡಗಿದಾಗ ಆಂಜಿನಯ್ಯ ಬೆಂಚಿನ ಬಳಿಯಿಂದಲೇ ಹೇಳಿದ: “ಸಾರ್, ಟೆಸ್ಟಿಂಗ್‌ಗೆ ಕೋಲು ಬೇಡ ಅಂತ ಅರ್ಥ ಹೇಳಿದೋರು ಇವ್ರೇ. ಸ್ವಿಚ್ ಆರಿದೆ. ಈ ಕೆಪಾಸಿಟರ್ ಒಂದ್ಸಲ ಮುಟ್ಟಿ ತೋರಿಸ್ಲಿ.”

ರಾಮಾನುಜನ ಕೈ ಮುಂದೆ ಬರಲಿಲ್ಲ. “ಏಯ್, ಕೋಲೆಲ್ಲಯ್ಯ? ಮೊದ್ಲು ಕೋಲು ತಗೊಂಬಾ!”

“ಯಾಕ್ ಸಾರ್? ಇದು ರಿಪೇರಿ ಅಲ್ವಲ್ಲ.”

ಸಿದ್ದಮ್ಮ ಕಾಯಿಲ್ ಬಿಟ್ಟು ಎದ್ದು ಬಂದು ಎದುರಿಗೆ ನಿಂತಳು. “ಮುಟ್ಟಿ ಸ್ವಾಮಿ. ನಮ್ಮೋರು ಮುಟ್ಟಿದ್ರಲ್ಲ.”

ರಾಮಾನುಜ ಎರಡು ಹೆಜ್ಜೆ ಹಿಂದೆ ಸರಿದ. ಇನ್‌ಸ್ಪೆಕ್ಟರ್ ಪೆನ್ನು ತೆಗೆದರು. ಹಳೆಯ ವಿಚಾರಣೆ ಮತ್ತೆ ತೆರೆಯಿತು, ರಾಮಾನುಜನ ಕೆಲಸ ಹೋಯಿತು.

ಅಂದು ಎಲ್ಲರೂ ಹೋದ ಮೇಲೆ ಆಂಜಿನಯ್ಯ ಆ ಕೆಪಾಸಿಟರಿನ ಮೇಲೆ ಬರಿಗೈ ಇಟ್ಟ. ಬೆಳಿಗ್ಗೆಯೇ ಕೋಲು ತಾಗಿಸಿ ಅದನ್ನು ಬರಿದು ಮಾಡಿಟ್ಟಿದ್ದ. ನಿಯಮದ ಪುಸ್ತಕವನ್ನು ದಾರ ಕಟ್ಟಿ ಬೆಂಚಿನ ಪಕ್ಕದ ಮೊಳೆಗೆ ತೂಗುಹಾಕಿದ.

ಕಳೆದ ತಿಂಗಳು ಆಂಜಿನಯ್ಯ ಆಸ್ಪತ್ರೆಯಲ್ಲಿದ್ದಾಗ ರಾಮಾನುಜ ಮೂಸಂಬಿ ಹಿಡಿದು ಬಂದಿದ್ದ. “ನಾನು ಪುಸ್ತಕದಲ್ಲಿ ಇದ್ದಿದ್ದೇ ಹೇಳಿದ್ದು ಆಂಜಿನಯ್ಯ.”

“ಅರ್ಥ ನಿಮ್ದು, ಕೈ ಮುನಿರಾಮಂದು ಸಾರ್,” ಎಂದು ಆಂಜಿನಯ್ಯ ಗೋಡೆಯ ಕಡೆ ತಿರುಗಿ ಮಲಗಿದ. ಮೂಸಂಬಿಯನ್ನು ಸಿದ್ದಮ್ಮ ಬಾಗಿಲ ಹೊರಗಿಟ್ಟಳು.