ಸುಂದರಬಾಯಿಯ ದೆವ್ವಗಳು

ನಾನು ಹುಮನಾಬಾದಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆಯವರು ಜೋಳದ ಬುಟ್ಟಿ ಹೊರಿಸಿ ಸುಂದರಬಾಯಿಯ ಅಂಗಳಕ್ಕೆ ಕಳಿಸಿದರು. ಅಲ್ಲಿ ಎರಡು ದೊಡ್ಡ ಬೀಸುಕಲ್ಲುಗಳಿದ್ದವು. ಓಣಿಯ ಹೆಂಗಸರೆಲ್ಲ ಅಲ್ಲಿಯೇ ಬೀಸುತ್ತಿದ್ದರು. ಸುಂದರಬಾಯಿ ಗಂಡನಿಲ್ಲದವಳು, ಒಂದು ಕಣ್ಣಿನಲ್ಲಿ ಹೂ ಬಿದ್ದಿತ್ತು.

"ಹೊಸ ಸೊಸಿ ಏನ? ಕೂಡು. ಅಂಜ್ತಿಯೋ ಇಲ್ಲೋ ಮೊದಲ ಹೇಳು" ಎಂದಳು.

"ಯಾಕ್ರಿ?"

"ಅಂಜದವರಿಗಿ ನಾ ಕಥೀ ಹೇಳಾಂಗಿಲ್ಲ."

ಆ ದಿನದ ಕಥೆ ಒಬ್ಬ ಜಾಗೀರದಾರನದು. ಆಸ್ತಿಯ ಆಸೆಗೆ ಅವನು ವಿಧವೆ ಅತ್ತಿಗೆಯನ್ನು ವಾಡೆಯ ಗೋಡೆಯೊಳಗೆ ನಿಲ್ಲಿಸಿ ಕಲ್ಲು ಕಟ್ಟಿಸುತ್ತಾನೆ. ಮರುದಿನ ಆ ಗೋಡೆಯ ಮೇಲೆ ಒದ್ದೆ ಅಂಗೈಯ ಗುರುತು ಮೂಡುತ್ತದೆ. ಸುಣ್ಣ ಬಳಿಸಿದರೂ ಹೋಗದು. ಆ ಕೋಣೆಗೆ ಬೀಗ ಹಾಕಿದರೆ ಪಕ್ಕದ ಕೋಣೆಯಲ್ಲಿ ಕಾಣುತ್ತದೆ. ಒಂದೊಂದೇ ಕೋಣೆ ಮುಚ್ಚುತ್ತ, ಅಷ್ಟು ದೊಡ್ಡ ವಾಡೆಯಲ್ಲಿ ಅವನಿಗೆ ಅಡುಗೆಮನೆಯ ಮೂಲೆ ಮಾತ್ರ ಉಳಿಯುತ್ತದೆ. ಅಷ್ಟರಲ್ಲಿ ಜೋಳ ಮುಗಿಯಿತು. ಕಲ್ಲು ನಿಂತರೆ ಅವಳ ಕಥೆಯೂ ನಿಲ್ಲುತ್ತಿತ್ತು. ನನ್ನ ನಾದಿನಿ ಶೇವಂತಾ ಮನೆಗೆ ಓಡಿ ಇನ್ನಷ್ಟು ಜೋಳ ತಂದಳು.

"ನಿನ್ನ ದೆವ್ವ ನಮ್ಮ ಮನಿಗಿ ಬರಾಂಗಿಲ್ಲ ಬಿಡು" ಎಂದು ನೆರೆಮನೆಯ ಜೈನಬಿ ನಕ್ಕಳು. "ನಮ್ಮ ಎಮ್ಮಿ ಹಾಯ್ತದ."

"ಎಮ್ಮಿ ಯಾಕ ಬೇಕ ಜೈನಬಿ? ತಪ್ಪ ಮಾಡದವರ ಹೊಸ್ತಿಲಾ ದೆವ್ವ ದಾಟಾಂಗಿಲ್ಲ. ಮಾಡಿದವರು ಏಳು ಬಾಗಿಲಾ ಹಾಕ್ಕೊಂಡ್ರೂ ಬಿಡಾಂಗಿಲ್ಲ."

ಪ್ರತಿ ಕಥೆಯೂ ಈ ಮಾತಿಗೇ ಬಂದು ಮುಟ್ಟುತ್ತಿತ್ತು. ಮೈ ನಡುಗಿದರೂ ಮನಸ್ಸಿಗೆ ಹಗುರವಾಗುತ್ತಿತ್ತು. ಶೇವಂತಾ ಒಮ್ಮೆ ಕದ್ದು ತಿಂದ ಬೆಲ್ಲವನ್ನು, ಕಥೆ ಕೇಳಿದ ಮೇಲೆ, ತಾನಾಗಿಯೇ ತಾಯಿಯ ಮುಂದೆ ಒಪ್ಪಿಕೊಂಡಳು.

ಮುಂದೆ ಅವಳನ್ನು ಕಲ್ಯಾಣದ ಹತ್ತಿರದ ಹಳ್ಳಿಗೆ, ದಿಗಂಬರನಿಗೆ ಕೊಟ್ಟೆವು. ನಲವತ್ತೆಂಟರಲ್ಲಿ ರಜಾಕಾರರ ಹಾವಳಿ ಹೆಚ್ಚಿತು. ಜನ ಊರು ಬಿಟ್ಟು ಸೊಲ್ಲಾಪುರದ ಕಡೆ ಹೋಗುತ್ತಿದ್ದರು. ಆಗಿನ್ನೂ ನನ್ನ ಯಜಮಾನರು ಇದ್ದರು. ಇಬ್ಬರೂ ಗಾಡಿ ಕಟ್ಟಿಕೊಂಡು ಶೇವಂತಾ, ದಿಗಂಬರರನ್ನು ಕರೆತರಲು ಹೋದೆವು. ಶೇವಂತಾ ಹೊಸ್ತಿಲು ಸಾರಿಸುತ್ತಿದ್ದಳು.

"ಬಾಳ ದಿನಕ್ಕಲ್ಲ, ಗಲಾಟಿ ತಣ್ಣಗಾಗೋ ತನಕ ಬಾ" ಎಂದೆ.

"ವೈನಿ, ನಾವು ಯಾರಿಗಿ ಏನ ಕೇಡ ಮಾಡೇವಿ? ನಮ್ಮ ಹೊಸ್ತಿಲಾ ಯಾರ ದಾಟ್ತಾರ? ಸುಂದರಬಾಯಿ ಹೇಳಿದ್ದು ಮರತೀರೇನ?"

ದಿಗಂಬರನೂ, ಬಿತ್ತನೆ ಬಾಕಿ ಇದೆ, ಮುಗಿಸಿಯೇ ಬರುತ್ತೇವೆ ಎಂದ. ಗಾಡಿ ಖಾಲಿ ತಿರುಗಿತು.

ಮುಂದಿನ ವಾರ ರಜಾಕಾರರು ಬಂದು ದಿಗಂಬರನನ್ನು ಅವನ ಬಾಗಿಲಲ್ಲೇ ಕೊಂದರು. ಶೇವಂತಾ ನಮ್ಮ ಮನೆಗೆ ಬಂದಳು. ಸೂತಕ ಕಳೆದು ಕೆಲವು ದಿನಗಳಾದ ಮೇಲೆ ನಾನೇ ಅವಳನ್ನು ಬೀಸಲು ಕರೆದುಕೊಂಡು ಹೋದೆ, ನಾಲ್ಕು ಜನರ ನಡುವೆ ಕೂತರೆ ದುಃಖ ಹಗುರಾದೀತೆಂದು. ಸುಂದರಬಾಯಿಗೂ ಹಾಗೆಯೇ ಅನ್ನಿಸಿರಬೇಕು. "ಒಂದೂರಾಗ ಒಬ್ಬ ಸಾವಕಾರ ಇದ್ದ" ಎಂದು ಶುರು ಮಾಡಿದಳು.

ಶೇವಂತಾ ಬೀಸುಕಲ್ಲಿನ ಗೂಟ ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನಿಮ್ಮ ದೆವ್ವಕ್ಕ ನ್ಯಾಯ ಗೊತ್ತಿತ್ತರಿ, ಬಾಯಿ. ಬಂದವರಿಗಿ ಗೊತ್ತಿದ್ದಿಲ್ಲ."

ಜೈನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಂದರಬಾಯಿ ಕಥೆ ಬಿಟ್ಟು ಕಲ್ಲಿಗೆ ಇನ್ನೊಂದು ಹಿಡಿ ಜೋಳ ಹಾಕಿದಳು.

ಆಮೇಲೆ ಸುಂದರಬಾಯಿ ಕಥೆ ಹೇಳಿದ್ದನ್ನು ನಾನು ಕೇಳಿಲ್ಲ. ಕೆಲವರು ಬಂದು ಸುಮ್ಮನೆ ಬೀಸಿಕೊಂಡು ಹೋದರು, ಕೆಲವರು ಹಿಟ್ಟಿನ ಗಿರಣಿಯ ದಾರಿ ಹಿಡಿದರು. ಮರುವರ್ಷ ಅವಳು ಹಾಸಿಗೆ ಹಿಡಿದಾಗ ನಾನು ಅಂಬಲಿ ಒಯ್ದೆ. ಎರಡು ಗುಟುಕು ಕುಡಿದು ನನ್ನ ಮುಂಗೈ ಹಿಡಿದಳು.

"ಯಶೋದಾ, ಗಾಡಿ ತಗೊಂಡು ಹೋದಾಕಿ ನೀನ. ಖರೇ ಹೇಳು. ಶೇವಂತಾ ಹೊಸ್ತಿಲಾ ಬಿಟ್ಟು ಇಳೀಲಿಲ್ಲಲ್ಲ, ನನ್ನ ಮಾತ ನಂಬೇ ಇಳೀಲಿಲ್ಲೇನ?"