ಬೈಕ್ ಹತ್ತಿದ ಅಲಸಂಡೆ

“ಟೀಚರೇ, ನಿಮ್ಮ ಅಲಸಂಡೆ ನನ್ನ ಬೈಕ್ ಹತ್ತಿ ಕೂತಿದೆ.”

ಪಾಣೆಮಂಗಳೂರಿನ ನಮ್ಮ ಪಕ್ಕದ ಮನೆಯ ರಫೀಕ್, ಗಲ್ಫ್‌ನಿಂದ ರಜೆಗೆ ಬಂದ ಮರುದಿನವೇ ಗೇಟಿನಲ್ಲಿ ನಿಂತು ಹೇಳಿದರು. ಹೋಗಿ ನೋಡಿದರೆ, ನಾನು ಚಪ್ಪರಕ್ಕೆ ಹಬ್ಬಿಸಿದ್ದ ಬಳ್ಳಿ ಗೋಡೆ ದಾಟಿ ಅವರ ಬೈಕಿನ ಹ್ಯಾಂಡಲ್, ಕನ್ನಡಿಯನ್ನೆಲ್ಲ ಸುತ್ತಿಕೊಂಡು ಹೂ ಬಿಟ್ಟಿತ್ತು. ನಾಚಿಕೆಯಾಗಿ ಕತ್ತಿ ತರಲು ಹೊರಟೆ.

“ಕಡಿಯುವುದು ಬೇಡ ಮಾರಾಯ್ರೆ, ಹೂ ಬಿಟ್ಟಿದೆ. ನನಗೆ ಬಸ್ಸು ಉಂಟಲ್ಲ?” ಎಂದರು.

ರಜೆ ಪೂರ್ತಿ ಅವರು ಬಸ್ಸಿನಲ್ಲೇ ತಿರುಗಿದರು. ಫರಂಗಿಪೇಟೆಯ ಮಾವನ ಮನೆಗೂ ಹೆಂಡತಿಯೊಂದಿಗೆ ನಿಂತುಕೊಂಡೇ ಹೋದರು. ಸಂಜೆ ಬೈಕಿನಿಂದ ಅಲಸಂಡೆ ಕೊಯ್ದು ಅರ್ಧ ನಮಗೆ ತಂದುಕೊಡುತ್ತಿದ್ದರು.

ಮೊನ್ನೆ ಅವರು ಗಲ್ಫ್‌ಗೆ ಮರಳಿದರು. ಬಳ್ಳಿ ಇನ್ನೂ ಕಾಯಿ ಬಿಡುತ್ತಿದೆ. ಈಗ ಕೊಯ್ಯುವವಳು ನಾನು. ಅವರ ಮನೆಯ ಪಾಲಿಗೆ ಒಂದು ಹಿಡಿ ಹೆಚ್ಚೇ ಹಾಕುತ್ತೇನೆ.